ಶಾರ್ಕ್ ಅಂದ್ರೆ ಯಾಕಿಷ್ಟು ಭಯ? ಹುಲಿ ಇರುವ ಜಿಲ್ಲೆಯವರು ಮಾತಾಡೋಣ

ಪೊನ್ನಂಪೇಟೆ ಕಾಫಿ

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲು ಮುಗಿದರೆ ನಮ್ಮ ಕೊಡಗಿನ ಕಡೆಯಿಂದ ಮುರುಡೇಶ್ವರ, ಗೋಕರ್ಣ, ಕಣ್ಣೂರು ಅಂತ ಸಮುದ್ರ ನೋಡೋಕೆ ಹೊರಡುವವರು ಜಾಸ್ತಿ. ಈ ಸಲ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಪ್ರವಾಸದ ಮಾತು ಬಂದಿದ್ದೇ ತಡ, ಯಾರೋ ಒಂದು ಶಾರ್ಕ್ ವಿಡಿಯೋ ಹಾಕಿದರು. ಯಾವುದೋ ದೇಶದ್ದು, ಯಾವಾಗಿನದೋ. ಅಷ್ಟು ಸಾಕಾಯ್ತು. ಮಕ್ಕಳನ್ನು ನೀರಿಗೆ ಬಿಡೋದೇ ಬೇಡ ಅಂತ ಅರ್ಧ ಜನ ಹೇಳಿದರು. "ಆ ಪ್ರಾಣಿ ಯಾಕಾದರೂ ಇದೆಯೋ, ಎಲ್ಲ ಹಿಡಿದು ಮುಗಿಸಬೇಕು" ಅಂತ ಒಬ್ಬರು ಬರೆದರು. ಅದಕ್ಕೆ ತುಂಬಾ ಜನ ಹೆಬ್ಬೆರಳು ಒತ್ತಿದರು. ಅದನ್ನು ನೋಡಿ ಸುಮ್ನೆ ಇರೋಕೆ ಆಗಲಿಲ್ಲ, ಅದಕ್ಕೇ ನಮ್ಮ ಜಿಲ್ಲೆಯವರ ಈ ಚರ್ಚಾ ವೇದಿಕೆಯಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ನೋಡೋಣ. ಅಮೆರಿಕದ ಫ್ಲೋರಿಡಾದಲ್ಲಿರುವ ಒಂದು ವಸ್ತುಸಂಗ್ರಹಾಲಯ ಇಡೀ ಪ್ರಪಂಚದ ಶಾರ್ಕ್ ಕಡಿತಗಳ ದಾಖಲೆ ಇಡುತ್ತದೆ. ಮನುಷ್ಯ ಕೆಣಕದೇ ಶಾರ್ಕ್ ತಾನಾಗಿ ಕಚ್ಚಿದ್ದು ವರ್ಷಕ್ಕೆ ಅರವತ್ತು ಎಪ್ಪತ್ತರ ಆಸುಪಾಸು. 2024ರಲ್ಲಿ 47. ಸಾಯುವವರು ಸಾಮಾನ್ಯವಾಗಿ ವರ್ಷಕ್ಕೆ ಐದಾರು ಜನ. ಎಲ್ಲ ದೇಶಗಳ ಎಲ್ಲ ಕಡಲುಗಳೂ ಸೇರಿ ಇಷ್ಟು! ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು 2000ದಿಂದ 2019ರವರೆಗೆ ಸುಮಾರು 12 ಲಕ್ಷ ಅಂತ ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ತೋಟದಲ್ಲಿ ಕೆಲಸ ಮಾಡುವ ನಮಗೆ ಹಾವಿನ ವಿಷಯ ಹೊಸದಲ್ಲ. ಆದರೂ ಬೂಟು ಹಾಕಿಕೊಂಡು ಕಳೆ ತೆಗೆಯೋಕೆ ಹೋಗುತ್ತೇವೆ, ಅಲ್ವಾ?

ಇನ್ನೊಂದು ಲೆಕ್ಕ ಇದರ ಪಕ್ಕದಲ್ಲಿಟ್ಟು ನೋಡಿ. ಮೀನುಗಾರಿಕೆಯಿಂದ ಸಾಯುವ ಶಾರ್ಕ್‌ಗಳ ಸಂಖ್ಯೆ 2012ರಿಂದ 2019ರ ನಡುವೆ ಕನಿಷ್ಠ 7.6 ಕೋಟಿಯಿಂದ 8 ಕೋಟಿಗೆ ಏರಿತು ಅಂತ 2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಅದು ಒಂದೊಂದು ವರ್ಷದ ಲೆಕ್ಕ. ಅದರಲ್ಲಿ ಸುಮಾರು ಎರಡೂವರೆ ಕೋಟಿ ಅಳಿವಿನ ಅಂಚಿಗೆ ಹೋಗುತ್ತಿರುವ ಜಾತಿಗಳಿಗೆ ಸೇರಿದವು. ಯಾರು ಯಾರಿಗೆ ಹೆದರಬೇಕು ಹೇಳಿ.

ನಾನು ಕೇಳಬೇಕು ಅಂತಿರೋದು ಇಷ್ಟೇ. ನಾವು ಹುಲಿ, ಆನೆ ಓಡಾಡುವ ಜಾಗದಲ್ಲಿ ಬದುಕುತ್ತಿರುವ ಜನ. ಒಂದು ದೊಡ್ಡ ಬೇಟೆಗಾರ ಪ್ರಾಣಿ ಇದ್ದರೆ ಕಾಡಿಗೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಅಂತ ಬಯಲುಸೀಮೆಯ ಊರಿನವರಿಗಿಂತ ನಮಗೆ ಚೆನ್ನಾಗಿ ಗೊತ್ತು. ಹಾಗಿರುವಾಗ ಶಾರ್ಕ್ ವಿಷಯದಲ್ಲಿ ಮಾತ್ರ ಯಾಕೆ "ಹಿಡಿದು ಮುಗಿಸಿ" ಅಂತೀವಿ?

ಸಂಪಾಜೆ ಘಾಟಿ

ಅಣ್ಣ, ಲೆಕ್ಕ ಎಲ್ಲ ಸರಿ. ಆದರೆ ಈ ಸರಾಸರಿ ಹೇಳುವ ವಿಧಾನ ನನಗೆ ಅಷ್ಟು ಒಪ್ಪಿಗೆ ಇಲ್ಲ. ಕೊಡಗಿನಲ್ಲಿ ಇರುವವರು ಸಮುದ್ರಕ್ಕೇ ಇಳಿಯೋದಿಲ್ಲ, ರಾಜಸ್ಥಾನದವರೂ ಇಳಿಯೋದಿಲ್ಲ, ನಮ್ಮನ್ನೆಲ್ಲ ಸೇರಿಸಿ ಭಾಗಿಸಿದರೆ ಅಪಾಯ ಕಡಿಮೆ ಅಂತ ಬಂದೇ ಬರುತ್ತದೆ. ದಿನಾ ನೀರಿನಲ್ಲಿರುವವನ ಲೆಕ್ಕ ಬೇರೆ. ನಮ್ಮ ಕಡಲು ಅಂದಮಾತ್ರಕ್ಕೆ ಏನೂ ಆಗೋದಿಲ್ಲ ಅಂತಲೂ ಹೇಳೋಕಾಗೋದಿಲ್ಲ. 2024ರಲ್ಲಿ ಮಹಾರಾಷ್ಟ್ರದ ಪಾಲ್ಘರ್ ಕಡೆ ವೈತರಣಾ ನದಿಯ ಅಳಿವೆಯಲ್ಲಿ ಮೀನು ಹಿಡಿಯುತ್ತಿದ್ದ ಯುವಕನ ಕಾಲನ್ನು ಶಾರ್ಕ್ ಕಚ್ಚಿತು. ಅವನ ಮನೆಯವರ ಮುಂದೆ ಐದಾರು ಜನ ಅಷ್ಟೇ ಅಂತ ಹೇಳೋಕಾಗುತ್ತಾ?

ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿ 2011ರ ನಂತರ ಒಂದರ ಮೇಲೊಂದು ದಾಳಿ ಆಗಿ, 2013ರಲ್ಲಿ ಅಲ್ಲಿನ ಸರ್ಕಾರ ಹೆಚ್ಚಿನ ಕಡಲತೀರಗಳಲ್ಲಿ ಈಜು ನಿಲ್ಲಿಸಬೇಕಾಯ್ತು. ಭಯಕ್ಕೆ ಕಾರಣವೇ ಇಲ್ಲ ಅನ್ನೋದು ತಪ್ಪು.

ಕುಟ್ಟದ ಮನೆ

ಸಂಪಾಜೆ ಅಣ್ಣ ಹೇಳಿದ್ದಕ್ಕೆ ನಾನೂ ಒಂದು ಸೇರಿಸುತ್ತೇನೆ. 2023ರ ಫೆಬ್ರವರಿಯಲ್ಲಿ ನಮ್ಮ ಕುಟ್ಟದ ಕಡೆ ತೋಟದಲ್ಲಿ ಹುಲಿ ದಾಳಿಗೆ ಒಂದೇ ಕುಟುಂಬದ ಇಬ್ಬರು ತೀರಿಕೊಂಡರು. ಅವರಲ್ಲಿ ಒಬ್ಬ ಹುಡುಗ. ಆ ವಾರ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಯಾರೂ ನಿದ್ದೆ ಮಾಡಿಲ್ಲ. ಬೆಂಗಳೂರಿನಲ್ಲಿ ಕೂತು ಹುಲಿ ಎಷ್ಟು ಚಂದ ಅಂತ ಬರೆಯುವವರ ಮೇಲೆ ಆಗ ನನಗೆ ಬಂದ ಸಿಟ್ಟು ಇನ್ನೂ ಇದೆ. ಹಾಗಾಗಿ ಪ್ರಾಣಿಯ ಹತ್ತಿರ ಬದುಕುವವನ ಭಯವನ್ನು ಯಾರೂ ಹಗುರ ಮಾಡಬಾರದು.

ಆದರೆ ನಮ್ಮ ಭಯಕ್ಕೂ ಈ ವಿಡಿಯೋ ಭಯಕ್ಕೂ ವ್ಯತ್ಯಾಸ ಇದೆ. ನಮಗೆ ಯಾವ ಹೊತ್ತಿನಲ್ಲಿ ತೋಟಕ್ಕೆ ಒಬ್ಬರೇ ಹೋಗಬಾರದು, ದನ ಎಲ್ಲಿ ಕಟ್ಟಬೇಕು, ಹೆಜ್ಜೆ ಗುರುತು ಕಂಡರೆ ಯಾರಿಗೆ ಫೋನ್ ಮಾಡಬೇಕು ಗೊತ್ತಿದೆ. ಹುಲಿಯನ್ನು ನೋಡಿ ಬಂದ ಭಯ ಇದು, ಅದರಲ್ಲಿ ತಿಳುವಳಿಕೆಯೂ ಸೇರಿದೆ. ಶಾರ್ಕನ್ನು ನೋಡೇ ಇಲ್ಲದವರು "ಮುಗಿಸಿ" ಅನ್ನುವುದರಲ್ಲಿ ಅದು ಇಲ್ಲ. ದಿನಾ ಕಡಲಿಗೆ ಹೋಗುವ ಮೀನುಗಾರರು ಏನು ಹೇಳುತ್ತಾರೆ ಅಂತ ಕೇಳಬೇಕು. ನಮ್ಮ ಗುಂಪಿನಲ್ಲಿ ಗೊತ್ತಿರುವವರು ಇದ್ದಾರಾ?

ವಿರಾಜಪೇಟೆ ಹಸಿಮೀನು

ನಾನಿದ್ದೇನೆ. ನಮ್ಮದು ಮೀನಿನ ವ್ಯಾಪಾರ, ಮಾಕುಟ್ಟ ದಾರಿಯಲ್ಲಿ ಕಣ್ಣೂರು, ತಲಶ್ಶೇರಿಯಿಂದ ಬರುತ್ತದೆ, ಕೆಲವು ದಿನ ಮಂಗಳೂರಿನಿಂದ. ಅಲ್ಲಿಯ ದೋಣಿಯವರ ಜೊತೆ ಮಾತಾಡಿ ನನಗೆ ಅಭ್ಯಾಸ ಇದೆ. ಅವರು ಹೆದರೋದು ಗಾಳಿಗೆ, ತೂಫಾನಿಗೆ, ಅಳಿವೆ ಬಾಯಲ್ಲಿ ದೋಣಿ ಮಗುಚುವುದಕ್ಕೆ. ಚಪ್ಪಟೆ ಮೈಯ ತೊರಕೆ ಮೀನಿನ ಬಾಲದ ಮುಳ್ಳಿಗೆ ತುಂಬಾ ಹೆದರುತ್ತಾರೆ. ಸ್ರಾವು, ಅಂದರೆ ಶಾರ್ಕ್, ನೋಡಿ ಸಮುದ್ರಕ್ಕೆ ಹೋಗೋದು ಬಿಟ್ಟವರನ್ನು ನಾನು ಕಂಡಿಲ್ಲ. ಬಲೆಗೆ ಬಿದ್ದದ್ದನ್ನು ಮೇಲೆ ಎಳೆದಾಗ ಕೈ ಹಾಕುವಾಗ ಹುಷಾರು, ಅಷ್ಟೇ.

ನಮ್ಮ ಅಂಗಡಿಗೆ ಬರೋದು ಹೆಚ್ಚಾಗಿ ಸಣ್ಣ ತಾಟೆ, ಅದೂ ಶಾರ್ಕೇ. ಮೊಳದುದ್ದ, ಸ್ವಲ್ಪ ಜಾಸ್ತಿ. ದೊಡ್ಡದು ಬಂದರೆ ತಲೆ, ರೆಕ್ಕೆ ತೆಗೆದು ತುಂಡಾಗಿ ಬರುತ್ತದೆ. ಕೊಳ್ಳುವವರು ಮುಳ್ಳಿಲ್ಲ ಅಂತ ಇಷ್ಟಪಡುತ್ತಾರೆ, ಮಕ್ಕಳಿಗೆ ಒಳ್ಳೆಯದು ಅಂತ. ಜೂನ್ ಜುಲೈ ಬಂತು ಅಂದರೆ ಟ್ರಾಲಿಂಗ್ ನಿಷೇಧ, ಹಸಿ ಮೀನು ಕಡಿಮೆ. ಆಗ ಒಣ ಸ್ರಾವಿಗೆ ಕೇಳಿಕೊಂಡು ಬರುತ್ತಾರೆ. ಮಳೆಯಲ್ಲಿ ಗಂಜಿ ಜೊತೆ ಅದಿಲ್ಲದಿದ್ದರೆ ಆಗೋದಿಲ್ಲ ಅನ್ನುವ ಹಿರಿಯರಿದ್ದಾರೆ.

ಒಂದು ವಿಷಯ ಹೇಳಲೇಬೇಕು. ಹಿಂದೆ ದೊಡ್ಡ ದೊಡ್ಡ ತುಂಡು ಬರುತ್ತಿತ್ತು. ಈಗ ಬರೋದು ಮರಿಗಳೇ. ವ್ಯಾಪಾರಿ ನಾನೇ ಹೇಳುತ್ತಿದ್ದೇನೆ, ಇದು ಒಳ್ಳೆಯ ಸೂಚನೆ ಅಲ್ಲ.

ಕುಶಾಲನಗರ ಹುಡುಗ

ಒಂದು ಪ್ರಶ್ನೆ, ಯಾರೂ ಬೇಜಾರು ಮಾಡಬೇಡಿ. ಪಾಲ್ಘರ್‌ನಲ್ಲಿ ನದಿಗೆ ಬಂದಿದೆ ಅಂದರೆ ನಮ್ಮ ಕಾವೇರಿಗೂ ಬರಬಹುದಾ? ನಿಸರ್ಗಧಾಮ, ದುಬಾರೆಯಲ್ಲಿ ಎಲ್ಲ ನೀರಿಗೆ ಇಳಿಯುತ್ತೇವೆ.

ದಕ್ಕೆಯಿಂದ ಬೆಟ್ಟಕ್ಕೆ

ತಮ್ಮ, ಬರೋದಿಲ್ಲ, ಧೈರ್ಯವಾಗಿರು. ನಾನು ಮಡಿಕೇರಿಯವಳು, ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿ ಈಗ ಅದೇ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಸಿಹಿನೀರಿನಲ್ಲಿ ದೂರ ಬರಬಲ್ಲದ್ದು ಬುಲ್ ಶಾರ್ಕ್ ಅನ್ನುವ ಜಾತಿ. ಅಮೆಜಾನ್ ನದಿಯಲ್ಲಿ ಸಮುದ್ರದಿಂದ ಸಾವಿರಾರು ಕಿಲೋಮೀಟರ್ ಮೇಲೆ ಸಿಕ್ಕಿದೆ, ನಿಕರಾಗುವಾ ಸರೋವರದಲ್ಲೂ ಇದೆ. ಆದರೆ ನಮ್ಮ ಕಾವೇರಿ ಪೂರ್ವಕ್ಕೆ ಹೋಗಿ ಬಂಗಾಳ ಕೊಲ್ಲಿ ಸೇರುವ ಮುಂಚೆ ಕೆಆರ್‌ಎಸ್, ಶಿವನಸಮುದ್ರದ ಜಲಪಾತ, ಮೆಟ್ಟೂರು ಅಣೆಕಟ್ಟು ಎಲ್ಲ ಇವೆ. ದಾಟಿ ಬರೋಕೆ ದಾರಿಯೇ ಇಲ್ಲ. ದುಬಾರೆಯಲ್ಲಿ ಹೆದರಬೇಕಾದ್ದು ನೀರಿನ ಸೆಳೆತಕ್ಕೆ ಮತ್ತು ಕಲ್ಲಿನ ಸಂದಿಗೆ.

ಶಾರ್ಕ್ ಅಂತ ಒಂದೇ ಹೆಸರಿನಲ್ಲಿ ಕರೆದರೂ 500ಕ್ಕೂ ಹೆಚ್ಚು ಜಾತಿಗಳಿವೆ. ಅಂಗೈಯಲ್ಲಿ ಹಿಡಿಯಬಹುದಾದ್ದರಿಂದ ಬಸ್ಸಿಗಿಂತ ಉದ್ದದ ತಿಮಿಂಗಿಲ ಶಾರ್ಕ್‌ವರೆಗೆ. ಅತಿ ದೊಡ್ಡದಾದ ಆ ತಿಮಿಂಗಿಲ ಶಾರ್ಕ್ ತಿನ್ನೋದು ಸಣ್ಣ ಸಣ್ಣ ತೇಲುಜೀವಿಗಳನ್ನು, ಪುಟಾಣಿ ಮೀನುಗಳನ್ನು, ನೀರು ಸೋಸಿಕೊಂಡು. ಮನುಷ್ಯರನ್ನು ಕಚ್ಚಿದ ಗಂಭೀರ ಪ್ರಕರಣಗಳಲ್ಲಿ ಹೆಚ್ಚಿನವು ಮೂರೇ ಜಾತಿಯವು: ಬಿಳಿ ಶಾರ್ಕ್, ಟೈಗರ್ ಶಾರ್ಕ್, ಬುಲ್ ಶಾರ್ಕ್. ಸಿನಿಮಾಗಳಲ್ಲಿ ತೋರಿಸುವ ಬಿಳಿ ಶಾರ್ಕ್ ಹೆಚ್ಚಾಗಿ ದಕ್ಷಿಣ ಆಫ್ರಿಕಾ, ದಕ್ಷಿಣ ಆಸ್ಟ್ರೇಲಿಯಾ, ಕ್ಯಾಲಿಫೋರ್ನಿಯಾದಂಥ ತಂಪು ನೀರಿನ ಕಡೆ ಇರೋದು. ಮುರುಡೇಶ್ವರದ ದಡದಲ್ಲಿ ಅದು ಬಂದು ನಿಲ್ಲೋದಿಲ್ಲ.

ಮೈಲಿಗಟ್ಟಲೆ ದೂರದಿಂದ ಒಂದು ಹನಿ ರಕ್ತದ ವಾಸನೆ ಹಿಡಿಯುತ್ತದೆ ಅನ್ನೋದು ಕಟ್ಟುಕತೆ. ಮೂಗು ಚುರುಕು ಹೌದು, ಆದರೆ ಆ ವಾಸನೆ ನೀರಿನ ಹರಿವಿನಲ್ಲಿ ಅದರ ಮೂಗಿನವರೆಗೆ ಬರಬೇಕಲ್ಲ. ನಿಜಕ್ಕೂ ಬೆರಗು ಆಗುವಂಥದ್ದು ಇನ್ನೊಂದಿದೆ. ಮೂತಿಯ ಚರ್ಮದಲ್ಲಿ ಸಣ್ಣ ಸಣ್ಣ ರಂಧ್ರಗಳು, ಒಳಗೆ ಲೋಳೆ ತುಂಬಿದ ಕೊಳವೆಗಳು. ಪ್ರತಿ ಜೀವಿಯ ಮಾಂಸಖಂಡ ಕೆಲಸ ಮಾಡುವಾಗ ಹೊರಡುವ ಅತಿ ಕಡಿಮೆ ವಿದ್ಯುತ್ತನ್ನು ಅವು ಗುರುತಿಸುತ್ತವೆ. ಮರಳಿನ ಕೆಳಗೆ ಅವಿತು ಕೂತ ಮೀನನ್ನು ಕಣ್ಣಿಗೆ ಕಾಣದೆಯೂ ಹುಡುಕುತ್ತದೆ. ಈ ವಂಶ ಭೂಮಿಯ ಮೇಲೆ ಡೈನೊಸಾರ್‌ಗಳಿಗಿಂತ ಮುಂಚೆಯಿಂದ ಇದೆ, 40 ಕೋಟಿ ವರ್ಷಕ್ಕೂ ಹಿಂದಿನದು. ಅಷ್ಟು ಕಾಲ ಎಲ್ಲ ವಿಪತ್ತು ದಾಟಿ ಬಂದದ್ದನ್ನು ಐವತ್ತು ವರ್ಷದಲ್ಲಿ ನಾವು ಈ ಸ್ಥಿತಿಗೆ ತಂದಿದ್ದೇವೆ. 1970ರಿಂದ ಈಚೆಗೆ ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ ಶೇ. 71ರಷ್ಟು ಇಳಿದಿದೆ ಅಂತ 2021ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಯಾಕೆ ಇಷ್ಟು ಬೇಗ ಇಳಿಯುತ್ತದೆ ಅಂದರೆ, ಬಂಗುಡೆ, ಬೂತಾಯಿ ಥರ ಇವು ಸಾವಿರಾರು ಮೊಟ್ಟೆ ಇಡೋದಿಲ್ಲ. ಬಿಳಿ ಶಾರ್ಕ್ ಹೆಣ್ಣು ಮರಿ ಹಾಕುವ ವಯಸ್ಸಿಗೆ ಬರೋದು ಸುಮಾರು 33 ವರ್ಷಕ್ಕೆ ಅಂತ ಒಂದು ಅಂದಾಜು. ಕೆಲವು ಜಾತಿಗಳು ಎರಡು ವರ್ಷದ ಹತ್ತಿರ ಹೊಟ್ಟೆಯಲ್ಲಿ ಮರಿ ಹೊರುತ್ತವೆ. ಹುಟ್ಟುವ ಮರಿಗಳೂ ಕೆಲವೇ. ಬಂಗುಡೆ ಹಿಡಿಯುವ ವೇಗದಲ್ಲಿ ಇವನ್ನು ಹಿಡಿದರೆ ಮತ್ತೆ ತುಂಬಿಕೊಳ್ಳೋಕೆ ಸಮಯ ಎಲ್ಲಿದೆ? ಹಸಿಮೀನು ಅಣ್ಣ ಹೇಳಿದ ಮೊಳದುದ್ದದ್ದರಲ್ಲಿ ಎರಡು ಬಗೆ ಇರುತ್ತದೆ. ಒಂದು ಜಾತಿ ಬೆಳೆಯೋದೇ ಅಷ್ಟು, ಬೇಗ ಮರಿಯೂ ಹಾಕುತ್ತದೆ. ಇನ್ನೊಂದು ದೊಡ್ಡ ಜಾತಿಯ ಮರಿಗಳು, ಒಂದು ಸಲವೂ ಸಂತಾನ ಮಾಡದೆ ಬಲೆಗೆ ಬಿದ್ದವು. ಬುಟ್ಟಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಮಡಿಕೇರಿ ಮಂಜು

ಅಕ್ಕ, ಚೆನ್ನಾಗಿ ಹೇಳಿದಿರಿ. ಆದರೆ ಸಮುದ್ರದಲ್ಲಿ ಅದರ ಕೆಲಸ ಏನು ಅಂತ ಬಿಟ್ಟುಬಿಟ್ಟಿರಿ. ಶಾರ್ಕ್ ಹೋದರೆ ಸಮುದ್ರವೇ ಸತ್ತುಹೋಗುತ್ತದೆ, ನಮಗೆ ಆಮ್ಲಜನಕ ಇರೋದಿಲ್ಲ ಅಂತೆಲ್ಲ ಯೂಟ್ಯೂಬ್‌ನಲ್ಲಿ ಹೇಳುತ್ತಾರೆ. ಅಮೆರಿಕದಲ್ಲಿ ಶಾರ್ಕ್ ಕಡಿಮೆಯಾಗಿ ತೊರಕೆ ಹೆಚ್ಚಾಗಿ, ಅವು ಚಿಪ್ಪುಜೀವಿಗಳನ್ನೆಲ್ಲ ತಿಂದು ಮುಗಿಸಿದವು ಅಂತಲೂ ಓದಿದ್ದೆ. ಇದೆಲ್ಲ ನಿಜವಾ?

ದಕ್ಕೆಯಿಂದ ಬೆಟ್ಟಕ್ಕೆ

ಆಮ್ಲಜನಕದ ಮಾತು ಅತಿ ಆಯ್ತು, ಅದನ್ನು ಬಿಡಿ. ತೊರಕೆ ಕತೆ 2007ರಲ್ಲಿ ದೊಡ್ಡ ಸುದ್ದಿಯಾಯ್ತು, 2016ರಲ್ಲಿ ಬೇರೆ ವಿಜ್ಞಾನಿಗಳು ಅದನ್ನು ಮತ್ತೆ ಪರಿಶೀಲಿಸಿ ಆಧಾರ ಸಾಲದು ಅಂದರು. ಆ ತೊರಕೆಗಳು ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕುವಂಥವು, ಅಷ್ಟು ಬೇಗ ಹೆಚ್ಚಾಗೋಕೆ ಸಾಧ್ಯವೇ ಇರಲಿಲ್ಲ. ಮೊದಲ ಸುದ್ದಿ ಕೇಳಿ ಜನ ತೊರಕೆಗಳನ್ನು ಕೊಲ್ಲೋಕೆ ಹೊರಟಿದ್ದರು ಅನ್ನೋದು ಇನ್ನೂ ಬೇಸರದ ವಿಷಯ. ಶಾರ್ಕ್ ಪರವಾಗಿ ಮಾತಾಡುವವರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಇಲ್ಲದಿದ್ದರೆ ನಾಳೆ ಯಾರೂ ನಂಬೋದಿಲ್ಲ.

ಗಟ್ಟಿಯಾದ ಉದಾಹರಣೆ ಬೇಕು ಅಂದರೆ ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ. ಅಲ್ಲಿ ನೀರಿನ ಕೆಳಗೆ ದೊಡ್ಡ ದೊಡ್ಡ ಕಡಲಹುಲ್ಲಿನ ಬಯಲು. ಅದನ್ನು ಮೇಯೋದು ಕಡಲಹಸು (ಡುಗಾಂಗ್) ಮತ್ತು ಹಸಿರು ಆಮೆ. ಅವನ್ನು ಬೇಟೆಯಾಡೋದು ಟೈಗರ್ ಶಾರ್ಕ್. ಸಂಶೋಧಕರು ವರ್ಷಾನುಗಟ್ಟಲೆ ನೋಡಿ ಕಂಡುಕೊಂಡದ್ದು ಏನಂದರೆ, ಶಾರ್ಕ್ ಜಾಸ್ತಿ ಇರುವ ತಿಂಗಳುಗಳಲ್ಲಿ ಕಡಲಹಸುಗಳು ಒಳ್ಳೆಯ ಹುಲ್ಲಿರುವ ಆಳವಿಲ್ಲದ ಜಾಗ ಬಿಟ್ಟು, ತಪ್ಪಿಸಿಕೊಳ್ಳೋಕೆ ಸುಲಭವಾದ ಅಂಚಿಗೆ ಹೋಗುತ್ತವೆ. ಹುಲ್ಲು ಕಡಿಮೆ ಸಿಕ್ಕರೂ ಸರಿ ಅಂತ. ಅಂದರೆ ಶಾರ್ಕ್ ಒಂದೂ ಕಡಲಹಸುವನ್ನು ಹಿಡಿಯದಿದ್ದರೂ, ಅದು ಅಲ್ಲಿದೆ ಅನ್ನುವ ಭಯವೇ ಹುಲ್ಲನ್ನು ಉಳಿಸುತ್ತದೆ. ನಾಗರಹೊಳೆ ಅಂಚಿನಲ್ಲಿ ಜಿಂಕೆ ಎಲ್ಲಿ ಮೇಯುತ್ತದೆ, ಎಲ್ಲಿ ಮೇಯದೆ ಕಿವಿ ನಿಮಿರಿಸಿ ನಿಲ್ಲುತ್ತದೆ ಅಂತ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ.

ಆ ಹುಲ್ಲು ಉಳಿದರೆ ಏನು ಲಾಭ ಅಂತ ಕೇಳಬಹುದು. ಅದು ಮೀನು, ಸಿಗಡಿ ಮರಿಗಳಿಗೆ ಅಡಗುತಾಣ. ಅದರ ಬೇರಿನ ಕೆಳಗಿನ ಮಣ್ಣಿನಲ್ಲಿ ನೂರಾರು ವರ್ಷದ ಇಂಗಾಲ ಹೂತಿರುತ್ತದೆ. ಹುಲ್ಲು ಹೋದರೆ ಅದೂ ಕದಡಿ ಹೊರಬರುತ್ತದೆ. ಇನ್ನೊಂದು ನನಗೆ ತುಂಬಾ ಇಷ್ಟವಾದ ಸಂಗತಿ: ಬಹಾಮಾಸ್‌ನಲ್ಲಿ ಟೈಗರ್ ಶಾರ್ಕ್‌ಗಳಿಗೆ ಕ್ಯಾಮೆರಾ ಕಟ್ಟಿ ಬಿಟ್ಟರು. ಅವು ಹೋದ ಕಡೆಯೆಲ್ಲ ಹುಲ್ಲು ಎಲ್ಲಿದೆ ಅಂತ ಗೊತ್ತಾಯ್ತು. ಕೊನೆಗೆ 66,000ದಿಂದ 92,000 ಚದರ ಕಿಲೋಮೀಟರ್ ಹುಲ್ಲುಗಾವಲು ಇದೆ ಅಂತ 2022ರಲ್ಲಿ ಲೆಕ್ಕ ಬಂತು. ನಮ್ಮ ಇಡೀ ಕೊಡಗು ಜಿಲ್ಲೆ ಇರೋದು ಸುಮಾರು 4,100 ಚದರ ಕಿಲೋಮೀಟರ್. ನೀವೇ ಊಹಿಸಿ.

ಎಲ್ಲ ಜಾತಿಯೂ ಇದೇ ಕೆಲಸ ಮಾಡುತ್ತದೆ ಅಂತಲ್ಲ. ಸಣ್ಣ ಶಾರ್ಕ್‌ಗಳು ದೊಡ್ಡ ಮೀನಿಗೆ ಆಹಾರ. ಕೆಲವು ಸತ್ತ ಪ್ರಾಣಿ ತಿಂದು ಸ್ವಚ್ಛ ಮಾಡುತ್ತವೆ.

ಸೋಮವಾರಪೇಟೆ ನರ್ಸಮ್ಮ

ಇಲ್ಲಿ ಎಲ್ಲರೂ ಸಮುದ್ರದ ಬಗ್ಗೆ ಹೇಳಿದಿರಿ, ನಾನು ಅಡುಗೆಮನೆಯ ವಿಷಯ ಹೇಳಬೇಕು. ಬಾಣಂತಿಗೆ ತಾಟೆ ಮೀನಿನ ಸಾರು ಕೊಟ್ಟರೆ ಹಾಲು ಹೆಚ್ಚುತ್ತದೆ ಅಂತ ಕರಾವಳಿಯಲ್ಲಿ, ಕೇರಳದ ಕಡೆ ನಂಬಿಕೆ ಇದೆ. ಅಲ್ಲಿಂದ ಸಂಬಂಧ ಬೆಳೆಸಿದ ನಮ್ಮ ಕಡೆಯ ಮನೆಗಳಲ್ಲೂ ಇದೆ. ಅತ್ತೆ, ಅಜ್ಜಿಯಂದಿರು ಪ್ರೀತಿಯಿಂದಲೇ ಮಾಡಿಕೊಡುತ್ತಾರೆ. ಆದರೆ ಶಾರ್ಕ್ ಬೇರೆ ಮೀನನ್ನು ತಿಂದು ಬೆಳೆಯುವ ಮೀನು, ಎಲ್ಲದರ ಮೈಯಲ್ಲಿದ್ದ ಪಾದರಸ ಇದರ ಮೈಯಲ್ಲಿ ಸೇರಿಕೊಳ್ಳುತ್ತದೆ. ದೊಡ್ಡದಾದಷ್ಟೂ, ವಯಸ್ಸಾದಷ್ಟೂ ಜಾಸ್ತಿ. ಪಾದರಸ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ, ನರಗಳಿಗೆ ಹಾನಿ ಮಾಡುತ್ತದೆ. ಅದಕ್ಕೇ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಮತ್ತು ಚಿಕ್ಕ ಮಕ್ಕಳು ತಿನ್ನಲೇಬಾರದ ಮೀನುಗಳ ಪಟ್ಟಿಯಲ್ಲಿ ಶಾರ್ಕ್ ಹಾಕಿದೆ. ಮುಳ್ಳಿಲ್ಲ ಅಂತ ಮಕ್ಕಳಿಗೆ ಕೊಡುವವರೂ ಇದನ್ನು ಓದಿ ದಯವಿಟ್ಟು.

ಬದಲಿಗೆ ಬೂತಾಯಿ, ಬಂಗುಡೆ ಕೊಡಿ. ಸಣ್ಣ ಮೀನು, ಪಾದರಸ ಕಡಿಮೆ, ಒಳ್ಳೆಯ ಕೊಬ್ಬಿನಂಶ ಇದೆ, ಬೆಲೆಯೂ ಕೈಗೆ ಸಿಗುವಂಥದ್ದು. ಕಾಚಂಪುಳಿ ಹಾಕಿ ಬೂತಾಯಿ ಸಾರು ಮಾಡಿದರೆ ಯಾವ ಬಾಣಂತಿ ಬೇಡ ಅಂತಾಳೆ?

ಶಾರ್ಕ್‌ಗೆ ಕ್ಯಾನ್ಸರ್ ಬರೋದಿಲ್ಲ ಅಂತ ಅದರ ಮೆದುಮೂಳೆಯ ಪುಡಿ ಮಾರುವವರೂ ಇದ್ದಾರೆ. ಶಾರ್ಕ್‌ಗೂ ಗಡ್ಡೆ ಬರುತ್ತದೆ, ದಾಖಲೆಗಳಿವೆ. ಆ ಪುಡಿಯಿಂದ ಕ್ಯಾನ್ಸರ್ ಗುಣವಾಗೋದಿಲ್ಲ. ಅದನ್ನು ನಂಬಿ ಚಿಕಿತ್ಸೆ ಮುಂದೂಡಬೇಡಿ.

ವಿರಾಜಪೇಟೆ ಹಸಿಮೀನು

ಅಕ್ಕ, ಈ ಪಾದರಸದ ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಬಾಣಂತಿಗೆ ಅಂತಲೇ ಕೇಳಿಕೊಂಡು ಬರುತ್ತಾರೆ, ನಾವು ಒಳ್ಳೆಯದನ್ನು ಆರಿಸಿ ಕೊಡುತ್ತೇವೆ. ಇನ್ನು ಮೇಲೆ ಬೂತಾಯಿ ತಗೊಳ್ಳಿ ಅಂತ ಹೇಳುತ್ತೇನೆ.

ತಾಟೆಗೆ ಐಸ್ ಕಡಿಮೆ ಆದರೆ ಮೂತ್ರದಂಥ ವಾಸನೆ ಬರುತ್ತದೆ. ಹುಣಸೆ ನೀರಲ್ಲಿ ನೆನೆಸಿ ತೊಳೆದರೆ ಹೋಗುತ್ತದೆ ಅಂತ ಹೇಳಿಕೊಡುತ್ತೇವೆ. ಅದು ಯಾಕೆ ಅಂತ ಅಕ್ಕನಿಗೆ ಗೊತ್ತಿರಬಹುದು.

ದಕ್ಕೆಯಿಂದ ಬೆಟ್ಟಕ್ಕೆ

ಅವುಗಳ ಮಾಂಸದಲ್ಲಿ ಯೂರಿಯಾ ಇರುತ್ತದೆ ಅಣ್ಣ, ಉಪ್ಪುನೀರಿನಲ್ಲಿ ಮೈಯ ನೀರು ಹಿಡಿದಿಡೋಕೆ. ಸತ್ತ ಮೇಲೆ ಅದು ಅಮೋನಿಯಾ ಆಗುತ್ತದೆ. ಹುಳಿ ಅದನ್ನು ತಗ್ಗಿಸುತ್ತದೆ. ಪಾದರಸ ಮಾತ್ರ ಹುಳಿಗೂ ಹೋಗೋದಿಲ್ಲ, ಬೇಯಿಸಿದರೂ ಹೋಗೋದಿಲ್ಲ.

ಸಂಪಾಜೆ ಘಾಟಿ

ಒಳ್ಳೆಯ ಮಾಹಿತಿ. ನನ್ನ ಇನ್ನೊಂದು ಅನುಮಾನ ಇದೆ. ಉಳಿಸಿ ಉಳಿಸಿ ಅಂತ ಹೇಳೋದು ಸುಲಭ. ಅದರ ಖರ್ಚು ಬೀಳೋದು ಬಡ ಮೀನುಗಾರನ ಮೇಲೆ. ನಮ್ಮಲ್ಲಿ ಹುಲಿ ಉಳಿಸೋಕೆ ದನ ಕಳೆದುಕೊಂಡವನು ಪರಿಹಾರಕ್ಕೆ ಕಚೇರಿ ಅಲೆಯುತ್ತಾನಲ್ಲ, ಹಾಗೆ. ಕಡಲ ಕಡೆ ಯಾರಾದರೂ ಇದನ್ನು ಸರಿಯಾಗಿ ಮಾಡಿದ ಉದಾಹರಣೆ ಇದೆಯಾ?

ಪೊನ್ನಂಪೇಟೆ ಕಾಫಿ

ಇದೆ, ಮತ್ತು ನಮ್ಮ ದೇಶದಲ್ಲೇ ಇದೆ. ಗುಜರಾತಿನ ವೇರಾವಳ್ ಕಡೆ ಮೊದಲು ತಿಮಿಂಗಿಲ ಶಾರ್ಕ್‌ಗಳನ್ನು ನೂರುಗಟ್ಟಲೆ ಕೊಲ್ಲುತ್ತಿದ್ದರು. ಅದರ ಲಿವರ್ ಎಣ್ಣೆಯನ್ನು ದೋಣಿಗೆ ನೀರು ಹಿಡಿಯದ ಹಾಗೆ ಬಳಿಯುತ್ತಿದ್ದರು, ಮಾಂಸ ಹೊರದೇಶಕ್ಕೆ ಹೋಗುತ್ತಿತ್ತು. 2001ರಲ್ಲಿ ಅದನ್ನು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದರು, ಅಂದರೆ ಹುಲಿಗೆ ಇರುವ ರಕ್ಷಣೆಯೇ. ಕಾಯ್ದೆ ಬಂದಮಾತ್ರಕ್ಕೆ ಏನೂ ಆಗಲಿಲ್ಲ. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾದವರು ಅಭಿಯಾನ ಶುರುಮಾಡಿದರು. ರಾಮಕಥೆ ಹೇಳುವ ಮೊರಾರಿ ಬಾಪು ಬಂದು, ಈ ಮೀನು ಹೆರಿಗೆಗೆ ತವರಿಗೆ ಬರುವ ಮಗಳು ಇದ್ದ ಹಾಗೆ, ಅವಳನ್ನು ಕೊಲ್ಲುತ್ತೀರಾ ಅಂತ ಜನರಿಗೆ ಹೇಳಿದರು. ಅದು ಮನಸ್ಸಿಗೆ ನಾಟಿತು. ಅದರ ಜೊತೆಗೆ, ಬಲೆಗೆ ಬಿದ್ದ ಶಾರ್ಕ್ ಬಿಡಿಸೋಕೆ ಬಲೆ ಕತ್ತರಿಸಿದರೆ ಅರಣ್ಯ ಇಲಾಖೆ ಆ ಬಲೆಗೆ ಪರಿಹಾರ ಕೊಡುವ ವ್ಯವಸ್ಥೆ ಬಂತು. ಮೀನುಗಾರರು ತಾವೇ ಫೋಟೋ ತೆಗೆದು ಕಳಿಸುತ್ತಾರೆ. ಹೀಗೆ ನೂರಾರು ಶಾರ್ಕ್ ವಾಪಸ್ ಸಮುದ್ರಕ್ಕೆ ಹೋಗಿವೆ. ಕೊಲ್ಲುತ್ತಿದ್ದವರೇ ಈಗ ಬಿಡಿಸುತ್ತಿದ್ದಾರೆ.

ಸಂಪಾಜೆ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಪರಿಹಾರ ಬೇಗ ಬರಬೇಕು, ಗೌರವದಿಂದ ಬರಬೇಕು. ಅದಿಲ್ಲದೆ ಹುಲಿಯೂ ಉಳಿಯೋದಿಲ್ಲ, ಶಾರ್ಕೂ ಉಳಿಯೋದಿಲ್ಲ.

ಕಾನೂನು ಕಡೆ ಇನ್ನೂ ಕೆಲವು ಆಗಿವೆ. ರೆಕ್ಕೆ ಮಾತ್ರ ಕತ್ತರಿಸಿ ಜೀವಂತ ಶಾರ್ಕನ್ನು ನೀರಿಗೆ ಎಸೆಯುವ ಕ್ರೂರ ಪದ್ಧತಿ ತಡೆಯೋಕೆ, ರೆಕ್ಕೆ ಮೈಗೆ ಅಂಟಿಕೊಂಡೇ ದಡಕ್ಕೆ ಬರಬೇಕು ಅಂತ 2013ರಲ್ಲಿ ಕೇಂದ್ರ ಸರ್ಕಾರ ಆದೇಶ ಮಾಡಿತು. 2015ರಲ್ಲಿ ರೆಕ್ಕೆ ರಫ್ತನ್ನೇ ನಿಷೇಧಿಸಿತು. ಎಲ್ಲ ಶಾರ್ಕ್ ಹಿಡಿಯೋದು ಅಪರಾಧ ಅಲ್ಲ, ಪಟ್ಟಿಯಲ್ಲಿರುವ ಜಾತಿ ಮಾತ್ರ.

ಶಾರ್ಕ್ ಭಯ ಹುಟ್ಟಿಸಿದ 1975ರ ಹಾಲಿವುಡ್ ಸಿನಿಮಾ 'ಜಾಸ್'ನ ನಿರ್ದೇಶಕ ಸ್ಪೀಲ್‌ಬರ್ಗ್ ಕೂಡ, ತನ್ನ ಸಿನಿಮಾದಿಂದ ಶಾರ್ಕ್‌ಗಳಿಗೆ ಆದ ಹಾನಿಗೆ ವಿಷಾದ ಇದೆ ಅಂತ 2022ರಲ್ಲಿ ಬಿಬಿಸಿ ರೇಡಿಯೋದಲ್ಲಿ ಹೇಳಿದರು. ಆ ಕತೆ ಬರೆದ ಲೇಖಕ ಉಳಿದ ಜೀವನದ ಬಹುಭಾಗ ಶಾರ್ಕ್ ರಕ್ಷಣೆಗೆ ಕೊಟ್ಟರು.

ಕುಶಾಲನಗರ ಹುಡುಗ

ಹಾಗಾದರೆ ಮುರುಡೇಶ್ವರದಲ್ಲಿ ನೀರಿಗೆ ಇಳಿಯಬಹುದಾ, ಬೇಡವಾ? ಮನೆಯಲ್ಲಿ ಕೇಳಿದರೆ ಏನು ಹೇಳಲಿ?

ದಕ್ಕೆಯಿಂದ ಬೆಟ್ಟಕ್ಕೆ

ಶಾರ್ಕ್ ಕಾರಣಕ್ಕೆ ಇಳಿಯದೆ ಇರಬೇಡ. ಆದರೆ ಸಮುದ್ರವನ್ನು ಹಗುರವಾಗಿ ತಗೋಬೇಡ. 2024ರ ಡಿಸೆಂಬರಿನಲ್ಲಿ ಶಾಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅದೇ ಮುರುಡೇಶ್ವರದಲ್ಲಿ ಮುಳುಗಿ ಸತ್ತರು. ಕೊಂದದ್ದು ಅಲೆ. ನಮ್ಮ ಬೆಟ್ಟದ ಮಕ್ಕಳಿಗೆ ಹೊಳೆ ಗೊತ್ತು, ಕಡಲು ಗೊತ್ತಿಲ್ಲ. ಅಲೆ ಒಡೆಯದೆ ನೀರು ಸಮತಟ್ಟಾಗಿ ಕಾಣುವ ಜಾಗ ಸುರಕ್ಷಿತ ಅಂತ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ದಡಕ್ಕೆ ಬಂದ ನೀರು ವಾಪಸ್ ರಭಸದಿಂದ ಹೋಗುವ ದಾರಿಯೇ ಅದು. ಅದರಲ್ಲಿ ಸಿಕ್ಕಿದರೆ ದಡದ ಕಡೆಗೇ ಈಜೋಕೆ ಹೋಗಬೇಡ, ಸುಸ್ತಾಗಿ ಮುಳುಗುತ್ತಾರೆ. ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಬೇಕು, ಸೆಳೆತ ತಪ್ಪಿದ ಮೇಲೆ ದಡಕ್ಕೆ ಬರಬೇಕು. ಆಗದಿದ್ದರೆ ತೇಲಿಕೊಂಡು ಕೈ ಎತ್ತಬೇಕು. ಕಾವಲು ಸಿಬ್ಬಂದಿ ಇಲ್ಲದ ಕಡೆ, ಮಳೆಗಾಲದಲ್ಲಿ, ಕುಡಿದು, ಕತ್ತಲಲ್ಲಿ ಇಳಿಯಲೇಬೇಡಿ. ನಿಮ್ಮ ಗುಂಪಿನಲ್ಲಿ ಶಾರ್ಕ್ ವಿಡಿಯೋ ಬದಲು ಇದನ್ನು ಹಾಕು.

ಹತ್ತಿರದಲ್ಲೇ ನೇತ್ರಾಣಿ ದ್ವೀಪ ಇದೆ. ಅಲ್ಲಿ ಸ್ಕೂಬಾ ಮಾಡುವವರಿಗೆ ಅಪರೂಪಕ್ಕೆ ಸಣ್ಣ ಶಾರ್ಕ್ ಕಾಣಿಸಿದರೆ ಅವತ್ತು ಅವರಿಗೆ ಹಬ್ಬ. ಅದು ಇವರನ್ನು ನೋಡಿದ ತಕ್ಷಣ ದೂರ ಹೋಗುತ್ತದೆ.

ಕುಟ್ಟದ ಮನೆ

ಈಗ ನನಗೆ ಸ್ಪಷ್ಟ ಆಯ್ತು. ಒಂದು ಕೇಳಬೇಕು. ನಾವು ಗುಡ್ಡದ ಮೇಲಿರುವವರು, ಬಲೆ ಹಾಕುವವರಲ್ಲ, ಕಾನೂನು ಮಾಡುವವರಲ್ಲ. ನಮ್ಮ ಕೈಯಲ್ಲಿರೋದು ಮೀನು ಕೊಳ್ಳುವ ದುಡ್ಡು ಮಾತ್ರ. ಅದನ್ನು ಹೇಗೆ ಬಳಸಬೇಕು?

ವಿರಾಜಪೇಟೆ ಹಸಿಮೀನು

ಅದನ್ನೇ ನಾನೂ ಕೇಳಬೇಕು ಅಂತಿದ್ದೆ. ಅಕ್ಕ, ಕೊಳ್ಳುವವರು ಕೇಳಿದರೆ ನಾನು ಏಜೆಂಟ್ ಹತ್ತಿರ ಕೇಳಬಹುದು. ಆದರೆ ಯಾವುದು ರಕ್ಷಣೆಯ ಪಟ್ಟಿಯಲ್ಲಿದೆ, ಯಾವುದು ಮರಿ, ಯಾವುದು ಬೆಳೆದ ಸಣ್ಣ ಜಾತಿ ಅಂತ ನನಗೆ ಗುರುತು ಸಿಗೋದಿಲ್ಲ. ಸುತ್ತಿಗೆ ತಲೆಯದ್ದು ಮಾತ್ರ ಗೊತ್ತಾಗುತ್ತದೆ.

ದಕ್ಕೆಯಿಂದ ಬೆಟ್ಟಕ್ಕೆ

ತಲೆ ತೆಗೆದ ತುಂಡಿನಲ್ಲಿ ನಮಗೂ ಕಷ್ಟ ಅಣ್ಣ. ಅದಕ್ಕೇ ದೊಡ್ಡ ತುಂಡು ತರಿಸೋದನ್ನು ಬಿಟ್ಟರೆ ಅರ್ಧ ಕೆಲಸ ಆಯ್ತು, ಪಾದರಸ ಜಾಸ್ತಿ ಇರೋದೂ ಅದರಲ್ಲೇ. ಸುತ್ತಿಗೆ ತಲೆಯ ಮರಿ ಬಂದರೆ ಬೇಡ ಅಂತ ವಾಪಸ್ ಹೇಳಿ, ಆ ಜಾತಿಯ ಸ್ಥಿತಿ ತುಂಬಾ ಕೆಟ್ಟಿದೆ. ಮೂತಿ ಗರಗಸದ ಹಾಗಿದ್ದರೆ ಮುಟ್ಟಲೇಬೇಡಿ, ಗರಗಸ ಮೀನಿಗೆ 2001ರಿಂದ ಪೂರ್ತಿ ರಕ್ಷಣೆ ಇದೆ, ನಮ್ಮ ಕರಾವಳಿಯಲ್ಲಿ ಅದು ಕಾಣೋದೇ ಅಪರೂಪ ಆಗಿದೆ. ಇಡೀ ಮೀನಾಗಿ ಬರುವ ಸಣ್ಣ ತಾಟೆಯಲ್ಲಿ ಮೂತಿ ಚಪ್ಪಟೆಯಾಗಿ ಗುದ್ದಲಿಯ ಹಾಗೆ ಅಗಲವಾಗಿದ್ದರೆ ಅದು ಬೆಳೆಯೋದೇ ಅಷ್ಟು. ಹೊಕ್ಕುಳ ಜಾಗದಲ್ಲಿ, ಎದೆಯ ರೆಕ್ಕೆಗಳ ನಡುವೆ ಗಾಯದ ಗುರುತು ಇನ್ನೂ ಮಾಗದೆ ಇದ್ದರೆ ಅದು ಈಗಷ್ಟೇ ಹುಟ್ಟಿದ ಮರಿ, ಜಾತಿ ಯಾವುದೇ ಇರಲಿ. ಇದನ್ನು ಬರೆದು ಹೇಳೋದಕ್ಕಿಂತ ಮೀನು ಕೈಯಲ್ಲಿ ಹಿಡಿದು ತೋರಿಸಿದರೆ ಬೇಗ ಗೊತ್ತಾಗುತ್ತದೆ. ಮುಂದಿನ ವಾರ ಮನೆಗೆ ಬರುತ್ತಿದ್ದೇನೆ.

ವಿರಾಜಪೇಟೆ ಹಸಿಮೀನು

ಹಾಗಾದರೆ ಭಾನುವಾರ ಬೇಗ ಬನ್ನಿ ಅಕ್ಕ, ಗಿರಾಕಿಗಳು ಸೇರುವ ಮುಂಚೆ. ಗೋಣಿಕೊಪ್ಪದ ಅಂಗಡಿಯವರನ್ನೂ ಕರೆಯುತ್ತೇನೆ, ಅವರೂ ನಮ್ಮ ಏಜೆಂಟ್ ಹತ್ತಿರವೇ ತರಿಸೋದು. ಒಬ್ಬ ಬೇಡ ಅಂದರೆ ಅವನು ಕೇಳೋದಿಲ್ಲ, ಎಲ್ಲರೂ ಬೇಡ ಅಂದರೆ ಕೇಳಬೇಕಾಗುತ್ತದೆ.

ಪೊನ್ನಂಪೇಟೆ ಕಾಫಿ

ನಾನೂ ಬರುತ್ತೇನೆ. ಗುರುತು ಹಿಡಿಯುವ ಚಿತ್ರಗಳನ್ನು ಕನ್ನಡ, ಮಲಯಾಳಂ ಎರಡರಲ್ಲೂ ಬರೆದು ಅಂಗಡಿ ಗೋಡೆಗೆ ಅಂಟಿಸುವ ಖರ್ಚು ನನ್ನದು. ಬಾಣಂತಿಯರ ವಿಷಯ ನರ್ಸಮ್ಮ ನಾಲ್ಕು ಸಾಲು ಬರೆದು ಕೊಟ್ಟರೆ ಅದನ್ನೂ ಅದೇ ಹಾಳೆಯಲ್ಲಿ ಹಾಕಿಸುತ್ತೇನೆ.